‘ಯಾರ ಮನೆಯವನಪ್ಪಾ ನೀನು?’ ಎಂದು ಪುಟಗಳನ್ನು ಕೇಳುವ ತರಾಯ್ವಿನಿ

ದ್ವೀಪದೇಶದ ಸುವಾ ಪಟ್ಟಣಕ್ಕೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ಮಹಡಿಯಲ್ಲಿ ಒಂದೇ ಒಂದು ಕಿಟಕಿ ನೀಲಿಯಾಗಿ ಹೊಳೆಯುತ್ತಿದೆ. ಹೊರಗೆ ಮಳೆಮರದಲ್ಲಿ ಮೈನಾಗಳು ದಿನದ ಜಗಳ ಶುರು ಮಾಡಿವೆ. ಒಳಗೆ ಸಾಲುಸಾಲು ಖಾಲಿ ಕುರ್ಚಿಗಳ ನಡುವೆ, ದಪ್ಪ ಕನ್ನಡಕದ ಹೆಂಗಸೊಬ್ಬರು ಕಂಪ್ಯೂಟರಿನ ಪರದೆಗೆ ಮುಖ ಕೊಟ್ಟು ಕೂತು ಮೆಲುದನಿಯಲ್ಲಿ ಮಾತಾಡುತ್ತಿದ್ದಾರೆ. ಎದುರಿಗೆ ಯಾರೂ ಇಲ್ಲ.

"ಯಾರ ಮನೆಯವನಪ್ಪಾ ನೀನು? ಯಾರು ಕಳಿಸಿದ್ರು? ಕೊನೇ ಸಲ ನಿನ್ನನ್ನ ನೋಡಿದೋರು ಯಾರು?"

ಸ್ವಲ್ಪ ಹೊತ್ತು ಕಾಯುತ್ತಾರೆ. ಪರದೆಯ ಮೇಲೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಮತ್ತೆ ಅದೇ ಪ್ರಶ್ನೆಗಳು, ಅದೇ ದನಿ. ಹೊಸಬರು ಯಾರಾದರೂ ಮೊದಲ ಸಲ ಈ ನೋಟ ಕಂಡರೆ ಬಂದ ದಾರಿ ಹಿಡಿದು ವಾಪಸ್ ಹೋಗುತ್ತಾರೆ. ಹಾಗೆ ಹೋದವರೂ ಇದ್ದಾರೆ.

"ಬಂದಳಪ್ಪ, ದೆವ್ವಗಳ ಹಾಜರಿ ತಗೊಳ್ಳೋಕೆ!" ಎಂದು ಬಾಗಿಲ ಬಳಿಯಿಂದ ಕೂಗುವವರು ಕಾವಲುಗಾರ ಇಸಿಕೇಲಿ.

"ಮೊದಲು ನಿನ್ನ ಹಾಜರಿ ಹಾಕ್ಲಾ? ನೀನು ಕುರ್ಚೀಲಿ ಕೂತಾಗ ಬದುಕಿದ್ದೀಯೋ ಇಲ್ವೋ ಅಂತ ನನಗೂ ಅನುಮಾನ."

ಇಸಿಕೇಲಿ ನಗುತ್ತ ಬಂದು, ಕೇಳದೆ ಹೇಳದೆ ಅವರ ಡಬ್ಬಿ ತೆರೆದು ಬೇಯಿಸಿದ ಮರಗೆಣಸಿನ ದಪ್ಪ ತುಂಡನ್ನೇ ಎತ್ತಿಕೊಳ್ಳುತ್ತಾರೆ. ಅವರ ಸೀಮೆಗೂ ಇವರ ಸೀಮೆಗೂ ಮೂಲದೇವರು ಒಂದೇ. ಅಂಥವರ ನಡುವೆ ಬೈಗುಳಕ್ಕೂ ಕಳ್ಳತನಕ್ಕೂ ಅಜ್ಜಂದಿರ ಕಾಲದಿಂದ ಪರವಾನಗಿ ಇದೆ. ಕೋಪ ಮಾಡಿಕೊಂಡವರೇ ಮರ್ಯಾದೆ ಇಲ್ಲದವರು.

ಹೆಂಗಸಿನ ಹೆಸರು ತರಾಯ್ವಿನಿ. ರಾಜಕೀಯ, ಸಮಾಜ ವಿಜ್ಞಾನ ಓದುವವರಿಗೆಂದು ಗ್ರಂಥಾಲಯದ ಜಾಲತಾಣದಲ್ಲಿ ದಾರಿತೋರುವ ಪುಟವೊಂದಿದೆ. ಚುನಾವಣೆಯ ಫಲಿತಾಂಶ, ಜನಗಣತಿ, ಸಂಸತ್ತಿನ ಚರ್ಚೆ, ಭೂಮಿಯ ಕಾನೂನು, ಹಳ್ಳಿಗಳ ಸಮೀಕ್ಷೆ, ಇವೆಲ್ಲ ಜಾಲದಲ್ಲಿ ಎಲ್ಲಿ ಸಿಗುತ್ತವೆ, ಯಾವುದನ್ನು ನಂಬಬಹುದು, ಯಾವುದರ ಬಳಿ ಹುಷಾರಾಗಿರಬೇಕು ಎಂದು ಪ್ರತಿಯೊಂದರ ಮುಂದೆ ಒಂದು ಸಾಲಿನ ಟಿಪ್ಪಣಿ ಇರುತ್ತದೆ. ಆ ಸಾಲುಗಳನ್ನು ಬರೆಯುವುದು, ಪ್ರತಿದಿನ ಮುಂಜಾನೆ ಒಂದೊಂದೇ ಲಿಂಕ್ ತೆರೆದು ಅದು ಇನ್ನೂ ಜೀವಂತ ಇದೆಯೇ, ನಿನ್ನೆ ಹೇಳಿದ್ದನ್ನೇ ಇಂದೂ ಹೇಳುತ್ತಿದೆಯೇ ಎಂದು ನೋಡುವುದು ತರಾಯ್ವಿನಿಯವರ ಕೆಲಸ. ಪುಟದಲ್ಲಿ ಎಲ್ಲೂ ಅವರ ಹೆಸರಿಲ್ಲ. ಅದನ್ನು ಬಳಸಿ ಪ್ರಬಂಧ ಬರೆದು ದೊಡ್ಡವರಾದವರಲ್ಲಿ ಬಹುತೇಕರಿಗೆ ಇಂಥ ಕೆಲಸವೊಂದು ಇದೆಯೆಂದೇ ಗೊತ್ತಿಲ್ಲ.

ಪ್ರಶ್ನೆಗಳನ್ನು ಅವರು ಎಲ್ಲಿಂದಲೋ ಕಲಿತದ್ದಲ್ಲ. ಹಳ್ಳಿಗೆ ಬಂದ ಅಪರಿಚಿತನನ್ನು ಯಂಗೋನದ, ಅಂದರೆ ಕುಟ್ಟಿ ನೀರಿಗೆ ಕದಡಿ ಕುಡಿಯುವ ಬೇರಿನ, ಕಟ್ಟು ಕಾಣಿಕೆ ಇಡಿಸಿ ಕೂರಿಸಿ ಹಿರಿಯರು ಕೇಳುವ ಪ್ರಶ್ನೆಗಳೇ ಅವು. "ಪುಟಾನೂ ಅಷ್ಟೇ, ಬಾಗಿಲಿಗೆ ಬಂದೋನು. ಮುಖ ನೋಡಿ ಒಳಗೆ ಬಿಡೋಕಾಗುತ್ತಾ? ಬೆಳ್ಳಗಿರೋದೆಲ್ಲ ಹಾಲಲ್ಲ. ಯಾರ ಮಗ, ತಾಯಿ ಕಡೆಯೋರು ಯಾರು, ಊಟ ಹಾಕ್ತಿರೋರು ಯಾರು, ಇಷ್ಟು ಗೊತ್ತಾದ್ರೆ ಅರ್ಧ ಸತ್ಯ ಗೊತ್ತಾಗುತ್ತೆ" ಎನ್ನುತ್ತಾರೆ.

ಉಳಿದ ಅರ್ಧವೇ ಕಷ್ಟ. ಎಂದೋ ಮುಚ್ಚಿಹೋದ ಇಲಾಖೆಯ ಪುಟವೊಂದು ಇವತ್ತಿಗೂ ಅವರ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಅಲ್ಲಿನ ಗುಮಾಸ್ತರೆಲ್ಲ ನಿವೃತ್ತರಾಗಿ, ಕೆಲವರು ತೀರಿಹೋಗಿಯೂ ಆಗಿದೆ. ಪುಟದ ಮೂಲೆಯ ಗಡಿಯಾರ ಮಾತ್ರ ಸರಿಯಾದ ಸಮಯ ತೋರಿಸುತ್ತ, "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ" ಎನ್ನುತ್ತಲೇ ಇದೆ. ಇನ್ನೊಂದು ‘ಶಾಂತಿ ಅಧ್ಯಯನ ಕೇಂದ್ರ’ ಇತ್ತು. ಅದರ ಸಂಶೋಧಕರೆಲ್ಲರ ಫೋಟೊಗಳೂ ಅಂದವಾಗಿದ್ದವು. ತರಾಯ್ವಿನಿ ಬಹಳ ಹೊತ್ತು ನೋಡಿದರು. ಒಬ್ಬಾಕೆಯ ಎರಡು ಕಿವಿಗಳೂ ಬೇರೆ ಬೇರೆಯವರ ಕಿವಿಗಳಂತಿದ್ದವು. ಇನ್ನೊಬ್ಬನ ಕನ್ನಡಕದ ಕಡ್ಡಿ ಕೆನ್ನೆಯೊಳಗೆ ಕರಗಿಹೋಗಿತ್ತು. ಅವರು ಯಾರೂ ಹುಟ್ಟಿದವರೇ ಅಲ್ಲ, ಯಂತ್ರ ಬರೆದ ಮುಖಗಳು. ಕೇಂದ್ರದ ವಿಳಾಸ ಹುಡುಕಿದರೆ ಅಲ್ಲಿ ಖಾಲಿ ನಿವೇಶನ. ಹುಟ್ಟದವರು ಸೇರಿಕೊಂಡು ಶಾಂತಿಯ ಬಗ್ಗೆ ವರದಿ ಬರೆಯುತ್ತಿದ್ದರು. ಆ ವರದಿಯನ್ನು ಇಬ್ಬರು ಪ್ರಾಧ್ಯಾಪಕರು ತಮ್ಮ ಪುಸ್ತಕಗಳಲ್ಲಿ ಉಲ್ಲೇಖಿಸಿಯೂ ಆಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ವಿದ್ವತ್ತಿನಲ್ಲೂ ಬರವಿಲ್ಲ.

"ಮೊದಲೆಲ್ಲ ಹೆದರಿಕೆ ಆಗ್ತಿತ್ತು. ಈಗ ಅಭ್ಯಾಸ ಆಗಿದೆ. ಆದ್ರೂ ಆ ಮುಖಗಳ ಪುಟ ಮುಚ್ಚೋವಾಗ ಕಿಟಕಿ ಕಡೆ ಒಂದ್ಸಲ ನೋಡ್ದೆ" ಎಂದು ಒಪ್ಪಿಕೊಳ್ಳುತ್ತಾರೆ.

ತರಾಯ್ವಿನಿ ಈ ಗ್ರಂಥಾಲಯಕ್ಕೆ ಸೇರಿದ್ದು ಪುಸ್ತಕ ಜೋಡಿಸುವ ಕೆಲಸಕ್ಕೆ. ಒಂದು ದೊಡ್ಡ ಚಂಡಮಾರುತದಲ್ಲಿ ಮಾಡು ಹಾರಿ, ನೆನೆದ ಪುಸ್ತಕಗಳನ್ನು ಹಾಳೆ ಹಾಳೆ ಬಿಡಿಸಿ ಒಣಗಿಸುತ್ತಿದ್ದಾಗ ಅಂದಿನ ಗ್ರಂಥಪಾಲಕರು ಅವರ ತಾಳ್ಮೆ ಕಂಡು ಕಂಪ್ಯೂಟರಿನ ಮುಂದೆ ಕೂರಿಸಿದರು. ಕಲಿಸಿದವರೂ ಅವರೇ. ಗಂಡ ಮೀನಿನ ಹಡಗಿನಲ್ಲಿ ದುಡಿದು ಬೆನ್ನು ಕಳೆದುಕೊಂಡು ಈಗ ಮನೆಯಲ್ಲಿದ್ದಾರೆ. ಮಗಳಿಗೆ ಮದುವೆಯಾಗಿದೆ. ಪರದೆ ನೋಡಿ ನೋಡಿ ತರಾಯ್ವಿನಿಯವರ ಎಡಗಣ್ಣಿನಲ್ಲಿ ಸದಾ ನೀರು. ಮುಂಜಾನೆಯ ಹೊತ್ತೇ ಯಾಕೆ ಎಂದರೆ, ಆಗ ಜಾಲ ಚುರುಕಾಗಿರುತ್ತದಂತೆ, ಹೊತ್ತೇರಿದ ಮೇಲೆ ವಿದ್ಯಾರ್ಥಿಗಳ ಪ್ರಶ್ನೆಗಳಿಗೇ ದಿನ ಸಾಲದಂತೆ. ಇತ್ತೀಚೆಗೆ ಆ ವಿದ್ಯಾರ್ಥಿಗಳು ಯಂತ್ರ ಹೇಳಿಕೊಟ್ಟ ಉಲ್ಲೇಖಗಳನ್ನು ಹಿಡಿದು ಬರುತ್ತಾರೆ. ಲೇಖಕರಿದ್ದಾರೆ, ಹೆಸರಿದೆ, ವರ್ಷವಿದೆ, ಲೇಖನ ಮಾತ್ರ ಭೂಮಿಯ ಮೇಲೆಲ್ಲೂ ಇಲ್ಲ.

ಇಷ್ಟೆಲ್ಲ ನೋಡಿದವರನ್ನೂ ಒಂದು ಪುಟ ನಡುಗಿಸಿತು. ಆ ನಡುಕದಲ್ಲೇ ಅವರಿಂದ ತಪ್ಪೊಂದು ಆಯಿತು.

ನುಕುಬಾಲೆ ಎಂಬುದು ಸುವಾದಿಂದ ಹಡಗಿನಲ್ಲಿ ಹೋಗಬೇಕಾದ ಸಣ್ಣ ದ್ವೀಪವೊಂದರ ಕಡಲಂಚಿನ ಹಳ್ಳಿ. ಇದ್ದ ಹಳ್ಳಿ ಎನ್ನಬೇಕು. ಸಮುದ್ರ ಮನೆಯಂಗಳಕ್ಕೆ ಬಂದ ಮೇಲೆ ಜನರೆಲ್ಲ ಗುಡ್ಡದ ಮೇಲಕ್ಕೆ ಮನೆ ಕಟ್ಟಿಕೊಂಡು ಹೋದರು. ಕೆಳಗಿನ ಊರಿನ ಬಗ್ಗೆ ಜಾಲದಲ್ಲಿ ಒಂದು ಸಾದಾ ಪುಟವಿದೆ. ಯಾವ ಮನೆಯಲ್ಲಿ ಯಾರಿದ್ದಾರೆ, ನೀರು ಎಲ್ಲಿಯವರೆಗೆ ಬಂತು, ಯಾವ ಮೀನು ಬಿತ್ತು ಎಂದು ದಿನವಹಿ ಬರೆದಿಟ್ಟ ಪುಟ. ತರಾಯ್ವಿನಿ ಅದನ್ನು ಮೊದಲ ಸಲ ತೆರೆದಾಗ ಕಂಡ ಹೊಸ ಸಾಲು ಹೀಗಿತ್ತು: "ಪ್ರಾರ್ಥನಾ ಮಂದಿರದ ಪಕ್ಕದ ಮನೆಯಲ್ಲಿ ಇಂದು ರಾತ್ರಿ ಅಪೆನಿಸಾ, ಅವನ ಹೆಂಡತಿ, ಕೂಸು. ನೀರು ಹೊಸ್ತಿಲವರೆಗೆ." ತಾರೀಕು ಅದೇ ವಾರದ್ದು. ಊರು ಖಾಲಿಯಾಗಿ ವರ್ಷಗಳು ಕಳೆದಿದ್ದವು. ಅಪೆನಿಸಾ ಸತ್ತು ಅದಕ್ಕಿಂತಲೂ ಹಿಂದಿನ ಮಾತು.

ಪುಟದ ಕೆಳಗಿನ ಹೆಸರು ಲೊಸಾಲಿನಿ. ತರಾಯ್ವಿನಿಯವರಿಗೆ ಲೊಸಾಲಿನಿ ಗೊತ್ತು. ಅವರ ಸೋದರತ್ತೆಯನ್ನು ಕೊಟ್ಟದ್ದು ನುಕುಬಾಲೆಗೇ. ಆ ಅತ್ತೆಯ ಓರಗಿತ್ತಿ ಲೊಸಾಲಿನಿ. ಹಳ್ಳಿಯ ದಾದಿಯಾಗಿದ್ದಾಕೆ. ಹಿಂದೆ ಯಾವುದೋ ಸಮೀಕ್ಷೆಯವರು ಮನೆಮನೆ ಲೆಕ್ಕ ಬರೆಯಲು ಹಚ್ಚಿ ಹೋದ ಮೇಲೂ ಬರೆಯುವುದನ್ನು ಬಿಡದಾಕೆ. ಅವಳು ಸತ್ತಾಗ ನೂರನೇ ರಾತ್ರಿಯ ಊಟಕ್ಕೆ ತರಾಯ್ವಿನಿ ಹೋಗಿದ್ದರು. ಸೂತಕದ ಚಾಪೆ ಮಡಚಿದವರಲ್ಲಿ ಅವರೂ ಒಬ್ಬರು.

ಮೈ ಜುಂ ಎಂದರೂ ಪದ್ಧತಿ ಬಿಡಲಿಲ್ಲ. ಪುಟದಲ್ಲಿದ್ದ ವಿಳಾಸಕ್ಕೆ ಇಮೇಲ್ ಬರೆದರು: ಇದನ್ನು ಬರೆಯುತ್ತಿರುವವರು ಯಾರು?

ಮಾರನೆಯ ಮುಂಜಾನೆ ಉತ್ತರ ಬಂದಿತ್ತು. "ನಾನು ಲೊಸಾಲಿನಿ. ನಮ್ಮ ಮನೆಯ ಚಾಪೆಯ ಮೇಲೆ ಕೂತು ನೀನು ಅತ್ತದ್ದು ನನಗೆ ನೆನಪಿದೆ."

"ಓದಿದೆ. ಕಂಪ್ಯೂಟರ್ ಆರಿಸಲೂ ಇಲ್ಲ. ಕೈಚೀಲ ಅಲ್ಲೇ ಬಿಟ್ಟು ಕೆಳಗೆ ಇಳಿದುಬಿಟ್ಟೆ" ಎನ್ನುತ್ತಾರೆ ತರಾಯ್ವಿನಿ.

"ಮುಖ ನೋಡ್ಬೇಕಿತ್ತು! ಹಿಟ್ಟಿನ ಗೊಂಬೆ ಥರ ಬಿಳಿಚಿಕೊಂಡಿದ್ಲು" ಎಂದು ಇಸಿಕೇಲಿ ನಡುವೆ ಬಾಯಿ ಹಾಕುತ್ತಾರೆ. "ಯಾಕೆ ಅಂತ ಕೇಳಿದ್ರೆ, ಕೈಚೀಲ ತಂದುಕೊಡು ಅಂತಾಳೆ. ನಾನು ಹೋದ್ನಾ? ನಾನೇನು ಹುಚ್ಚನಾ?"

ಮಧ್ಯಾಹ್ನ, ಜನ ತುಂಬಿದ ಮೇಲೆ, ತರಾಯ್ವಿನಿ ವಾಪಸ್ ಬಂದು ದಾರಿತೋರುವ ಪುಟದಲ್ಲಿ ನುಕುಬಾಲೆಯ ಮುಂದೆ ಒಂದು ಸಾಲು ಬರೆದರು: "ಬರೆದವರೆಂದು ಹೇಳಿಕೊಂಡಾಕೆ ಬದುಕಿಲ್ಲ. ನಂಬಬೇಡಿ." ಎರಡನೇ ಪ್ರಶ್ನೆ ಕೇಳಲಿಲ್ಲ. ಆ ಪುಟವನ್ನು ಮತ್ತೆ ತೆರೆಯಲೂ ಇಲ್ಲ. ಅಷ್ಟು ಸಾವಿರ ಸಾಲುಗಳಲ್ಲಿ ಕಣ್ಣು ಮುಚ್ಚಿ ಬರೆದ ಸಾಲು ಅದೊಂದೇ, ಕಾಡಿದ್ದೂ ಅದೊಂದೇ.

ಒಂದು ದಿನ ಉನಾಯ್ಸಿ ಎಂಬ ಹುಡುಗಿ ಮಹಡಿ ಹತ್ತಿ ಬಂದಳು. ಸುವಾದಲ್ಲೇ ಹುಟ್ಟಿ ಬೆಳೆದವಳು, ನುಕುಬಾಲೆಯವರ ಪರವಾದ ವಕೀಲರ ಬಳಿ ದಾಖಲೆ ಹುಡುಕುವ ಕೆಲಸದವಳು. ಕಣ್ಣು ಕೆಂಪಾಗಿತ್ತು.

"ಆಂಟಿ, ಈ ಸಾಲು ಬರೆದಿದ್ದು ನೀವಾ?"

"ಹೌದಮ್ಮ. ಯಾಕೆ?"

"ಎದುರು ಪಾರ್ಟಿ ವಕೀಲರು ಇದನ್ನ ವಿಚಾರಣೇಲಿ ಓದಿ ಹೇಳಿದ್ರು. ‘ನೋಡಿ, ಗ್ರಂಥಾಲಯದೋರೇ ನಂಬಬೇಡಿ ಅಂತಾರೆ’ ಅಂತ. ಎಲ್ಲರೂ ನಕ್ರು. ನಮ್ಮ ಹತ್ರ ಇದ್ದಿದ್ದು ಅದೊಂದೇ ಪುಟ ಆಂಟಿ!"

ವಿಷಯ ಇಷ್ಟು. ಕೆಳಗಿನ ಊರಿನ ಎದುರಿಗೆ ಹವಳದ ದಿಬ್ಬವಿದೆ. ಅಲ್ಲಿ ಮೀನು ಹಿಡಿಯುವ ಹಕ್ಕು ನುಕುಬಾಲೆಯವರದು. ಪಕ್ಕದ ಊರಿನವರು, ‘ನೀವು ಊರು ಬಿಟ್ಟುಹೋದಿರಿ, ಬಿಟ್ಟ ಊರಿಗೆ ಕಡಲೆಲ್ಲಿಯದು, ಗಡಿ ಎಲ್ಲಿತ್ತು ಅಂತಲಾದರೂ ನಿಮಗೆ ಗೊತ್ತಾ?’ ಎಂದು ದೂರು ಹಾಕಿದ್ದರು. ದಿಬ್ಬ ಹೋದರೆ ಗುಡ್ಡದ ಮೇಲಿನ ಮನೆಗಳಿಗೆ ಮೀನೂ ಇಲ್ಲ, ಸತ್ತವರ ಗೋರಿಗಳ ಬಳಿ ದೋಣಿ ಕಟ್ಟುವ ಹಕ್ಕೂ ಇಲ್ಲ. ಊರವರು ಬಿಟ್ಟುಹೋಗಿಲ್ಲ, ದಿನಾ ಬಂದುಹೋಗುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಆ ಪುಟ. ತೀರ್ಪು ಹೇಳುವ ಅಧಿಕಾರಿ ಇನ್ನೊಂದು ದಿನ ಕೊಟ್ಟಿದ್ದರು, ಅಷ್ಟೇ.

"ಆದ್ರೆ ಲೊಸಾಲಿನಿ ಸತ್ತಿದ್ದಾಳೆ ಮಗಳೇ. ನಾನೇ ನೋಡಿದ್ದೀನಿ" ಎಂದರು ತರಾಯ್ವಿನಿ.

ಉನಾಯ್ಸಿ ಅಲ್ಲೇ ನಿಂತು ಹಳ್ಳಿಯ ಹಿರಿಯರೊಬ್ಬರಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ತಾತ, ಆ ಪುಟ ಬರೆಯೋದು ಯಾರು?"

"ಲೊಸಾಲಿನಿ."

"ಅವರು ತೀರಿಹೋಗಿಲ್ವಾ?"

"ಹೋಗಿದ್ದಾಳಲ್ಲ, ಪಾಪ. ಒಳ್ಳೆ ಹೆಂಗಸು."

"ಮತ್ತೆ ಈಗ ಬರೆಯೋದು ಯಾರು?"

"ಲೊಸಾಲಿನಿ ಅಂದ್ನಲ್ಲ! ಕಿವಿ ಕೇಳಿಸಲ್ವಾ? ಸುವಾ ಹುಡುಗೀರಿಗೆ ಊಟ ಸರಿಯಾಗಿ ಹಾಕಲ್ವಾ?"

ತರಾಯ್ವಿನಿ ಹಣೆ ಹಣೆ ಚಚ್ಚಿಕೊಂಡರು. ಮೊಮ್ಮಗಳು! ಅಜ್ಜಿಯ ಹೆಸರಿಟ್ಟುಕೊಂಡವಳು. ಈ ದ್ವೀಪಗಳಲ್ಲಿ ಹೆಸರು ಇಟ್ಟರೆಂದರೆ ಬರೀ ಹೆಸರು ಕೊಟ್ಟಂತಲ್ಲ. ಆ ಜೀವದ ನೆಂಟಸ್ತಿಕೆ, ಜಗಳ, ನೆನಪು ಎಲ್ಲವೂ ಅದರ ಜೊತೆಗೆ ಬರುತ್ತವೆ. ಹೆಸರಿನವರಿಬ್ಬರೂ ಒಬ್ಬರೇ ಎಂದು ನಡೆದುಕೊಳ್ಳುವುದು ರೂಢಿ. ಅಜ್ಜಿ ಕಂಡದ್ದನ್ನು ಮೊಮ್ಮಗಳು ‘ನಾನು ಕಂಡೆ’ ಎಂದು ಬರೆದರೆ ಊರಲ್ಲಿ ಯಾರಿಗೂ ಅದರಲ್ಲಿ ಸುಳ್ಳು ಕಾಣುವುದಿಲ್ಲ, ಕಂಡದ್ದು ಹೊರಗಿನವರಿಗೆ ಮಾತ್ರ. "ನನ್ನ ಹೆಸರೇ ಅತ್ತೆಯದು. ಹುಟ್ಟಿದಾಗಿನಿಂದ ಆ ರೂಢೀಲಿ ಬೆಳೆದೋಳು. ಪರದೆ ಮುಂದೆ ಕೂತು ಅದನ್ನೇ ಮರೆತುಬಿಟ್ಟೆ ನೋಡಿ" ಎಂದು ಈಗಲೂ ನೊಂದುಕೊಳ್ಳುತ್ತಾರೆ.

ಆದರೂ ಕೂತಲ್ಲೇ ಟಿಪ್ಪಣಿ ಬದಲಾಯಿಸಲಿಲ್ಲ. ಮೊದಲ ಸಲ ಊಹೆ ಮಾಡಿದ್ದಕ್ಕೇ ಇಷ್ಟಾಗಿದೆ, ಎರಡನೆಯದೂ ಊಹೆಯೇ ಅಲ್ಲವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವವರು ಫೋನಿನ ಮಾತಿಗೆ ಒಪ್ಪುತ್ತಾರೆಯೇ. ರಜೆ ಹಾಕಿ, ಯಂಗೋನದ ಕಟ್ಟು ಕೊಂಡು, ಉನಾಯ್ಸಿಯನ್ನು ಕರೆದುಕೊಂಡು ಹಡಗು ಹತ್ತಿದರು.

ಗುಡ್ಡದ ಮೇಲಿನ ಹೊಸ ಊರಿನ ಮೊದಲ ಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ನಸುಗತ್ತಲು. ಚಾಪೆಯ ಮೇಲೆ ಕೂತಿದ್ದ ಆಕೃತಿ ತಲೆಯೆತ್ತಿತು. ದನಿ ಅಜ್ಜಿಯದೇ, ಗಂಟಲಲ್ಲಿ ಸ್ವಲ್ಪ ಮರಳು ಇದ್ದಂಥ ದನಿ.

"ಏನಮ್ಮಾ ಓರಗಿತ್ತಿ, ಎಷ್ಟು ವರ್ಷ ಆಯ್ತು ನೀನು ಮನೆಗೆ ಬಂದು! ಸುವಾದ ಗಾಳಿ ಅಷ್ಟು ಸಿಹಿಯಾ?"

ತರಾಯ್ವಿನಿ ಯಂಗೋನದ ಕಟ್ಟನ್ನು ಎದೆಗವಚಿಕೊಂಡು ಬಗ್ಗಿ ಮುಖ ನೋಡಿದರು. ಮೂವತ್ತರ ಹುಡುಗಿ, ಅಮ್ಮನ ವಯಸ್ಸಿನವರನ್ನು ಓರಗಿತ್ತಿ ಎನ್ನುತ್ತಿದ್ದಾಳೆ. ಅವಳ ಲೆಕ್ಕದಲ್ಲಿ ಸರಿಯೇ. ಅವಳು ಲೊಸಾಲಿನಿ, ಇವರು ತರಾಯ್ವಿನಿ, ಒಂದೇ ಮನೆಗೆ ಸೊಸೆಯರಾಗಿ ಬಂದವರು. ನೂರನೇ ರಾತ್ರಿ ಚಾಪೆಯ ಅಂಚಿನಲ್ಲಿ ಕೂತು ಅಳುವವರನ್ನೆಲ್ಲ ಪಿಳಿಪಿಳಿ ನೋಡುತ್ತಿದ್ದ ಪುಟ್ಟ ಹುಡುಗಿ ಇವಳೇ.

"ಖಾಲಿ ಊರಲ್ಲಿ ಅಪೆನಿಸಾ ಮಲಗಿದ್ದಾನೆ ಅಂತ ಬರೀತೀಯಲ್ಲ, ಇದೇನೇ ಇದು?" ಎಂದು ಕೇಳಿದರು ತರಾಯ್ವಿನಿ, ಚಾಪೆಯ ಮೇಲೆ ಕೂತ ಮೇಲೆ.

"ಬದುಕಿರೋರು ಮೇಲೆ ಬಂದ್ವಿ. ಅವರು ಬರಲಿಲ್ಲ. ಅವನ ಗೋರಿ ಮನೆ ಪಕ್ಕಾನೇ ಇದೆ. ದಿನಾ ಬೆಳಗ್ಗೆ ಬಲೆಗೆ ಹೋದಾಗ ಮಾತಾಡಿಸಿ ಬರ್ತೀನಿ. ಮನೆ ಖಾಲಿ ಅಂತ ಬರೆದ್ರೆ ಸುಳ್ಳಾಗಲ್ವಾ?"

ತರಾಯ್ವಿನಿ ವಾದ ಮಾಡಲಿಲ್ಲ. ಊರ ಚಾವಡಿಗೆ ಹೋಗಿ ಪುಟವನ್ನು ತೆರೆಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಿಗೂ ಕೇಳುತ್ತ ಹೋದರು. ಇದು ಯಾರು ಕಂಡದ್ದು? ದೊಡ್ಡ ಲೊಸಾಲಿನಿಯಾ, ಚಿಕ್ಕ ಲೊಸಾಲಿನಿಯಾ? ಕಣ್ಣಾರೆ ಕಂಡದ್ದಾ, ಕೇಳಿದ್ದಾ? ಇಲ್ಲಿ ಹೆಸರು ಬಂದವನು ಉಸಿರಾಡುತ್ತಿದ್ದಾನಾ, ಗೋರಿಯಲ್ಲಿದ್ದಾನಾ? ಹುಡುಗಿ ಮೊದಲು ನಕ್ಕಳು, ಆಮೇಲೆ ಸಿಡುಕಿದಳು, ಆಮೇಲೆ ತಾನೇ ಹೇಳತೊಡಗಿದಳು. ಪ್ರತಿ ಸಾಲಿನ ಕೆಳಗೂ ಹೆಸರು ಸೇರುತ್ತ ಬಂತು. ಮನೆಗಳೆಲ್ಲ ತುಂಬಿದ್ದ ಆ ವಿಚಿತ್ರ ಊರು ನಿಧಾನವಾಗಿ ಎರಡಾಯಿತು. ಒಂದರಲ್ಲಿ ಬಲೆ ಬೀಸುವವರು, ಇನ್ನೊಂದರಲ್ಲಿ ಮಲಗಿದವರು.

ಹಾಗೆ ಹೋಗುತ್ತ ಹೋಗುತ್ತ ಚಿಕ್ಕ ಲೊಸಾಲಿನಿ ಒಂದು ಸಾಲಿನ ಮುಂದೆ ನಿಂತಳು.

"ಕಡಲ ಅತಿ ಇಳಿತದ ದಿನ ಊರ ಯಜಮಾನನ ಗೋರಿಯ ತಲೆಯ ಕಡೆ ನಿಂತು ದಿಬ್ಬದ ಬಾಯಿಯತ್ತ ನೋಡಿದರೆ ಕರಿಕಲ್ಲು ಕಾಣುತ್ತದೆ. ಗಡಿ ಅದೇ. ಅದರ ಆಚೆಯದು ನಮ್ಮದಲ್ಲ."

"ಇದು ನಂದಲ್ಲ" ಎಂದಳು.

"ಅಜ್ಜಿದಾ?"

"ತಾರೀಕು ನೋಡು. ಊರು ಮೇಲೆ ಬಂದಮೇಲಿನದು. ಅಜ್ಜಿಗೂ ಕಲ್ಲು ಗೊತ್ತಿರಲಿಲ್ಲ. ಅವಳ ಅತ್ತೆ ಕಾಲದ ಬಿರುಗಾಳೀಲಿ ಮರಳು ಮುಚ್ಚಿ ಕಳೆದೇಹೋಯ್ತು ಅಂತಿದ್ಲು. ನೋಡಿದೋರು ಯಾರೂ ಬದುಕಿಲ್ಲ."

ಪುಟ ಬರೆಯುವ ಫೋನು ಯಾವಾಗಲೂ ಈ ಚಾವಡಿಯಲ್ಲೇ ಇರುತ್ತಲ್ಲ, ಸಿಗ್ನಲ್ ಸಿಗುವುದು ಇಲ್ಲಿ ಮಾತ್ರ, ಯಾರಾದರೂ ಎತ್ತಿಕೊಂಡು ಬರೆದಿರಬಹುದು ಎಂದಳು ಉನಾಯ್ಸಿ. ಇರಬಹುದು. ಊರವರನ್ನೆಲ್ಲ ಕೇಳಿದರು. ನಾನು ಎಂದವರಿಲ್ಲ.

ಸಂಜೆ ಯಂಗೋನ ಕುಡಿಯುವಾಗ ಫೋನಿನಲ್ಲಿ ಮಾತಾಡಿದ್ದ ಹಿರಿಯರು ತರಾಯ್ವಿನಿಯವರ ಕಡೆ ತಿರುಗಿದರು. "ನಮಗೆ ಬೇಕಾಗಿರೋದೇ ಆ ಸಾಲು. ಗಡಿ ಹೇಳೋದು ಅದೊಂದೇ. ನೀನು ಬೇರೆಯೋಳಲ್ಲ, ನಮ್ಮ ಮನೆ ಸೊಸೆ. ಅದರ ಕೆಳಗೆ ಲೊಸಾಲಿನಿ ಅಂತ ಬರೆದುಬಿಡು. ಯಾರು ಬಂದು ಕೇಳ್ತಾರೆ?"

"ನಾನು ಕೇಳ್ತೀನಲ್ಲ ಮಾವ, ದಿನಾ ಬೆಳಗ್ಗೆ" ಎಂದರು ತರಾಯ್ವಿನಿ. "ಒಂದು ಸಾಲು ಸುಳ್ಳಾದ್ರೆ ಅಷ್ಟೂ ಸಾಲು ಸುಳ್ಳು ಅಂತಾರೆ. ನನ್ನ ಒಂದು ಸಾಲಿನಿಂದಾನೇ ನೀವು ನಗೆಪಾಟಲಾದ್ರಿ. ಇನ್ನೊಂದ್ಸಲ ಅದು ನನ್ನ ಕೈಲಾಗಲ್ಲ."

ಕರಿಕಲ್ಲಿನ ಸಾಲಿನ ಕೆಳಗೆ ಅವರು ಬರೆಸಿದ್ದು ಇಷ್ಟೇ: "ಬರೆದವರು ಗೊತ್ತಿಲ್ಲ." ಹಿರಿಯರು ಮುಖ ತಿರುಗಿಸಿ ಎದ್ದುಹೋದರು. ಆ ರಾತ್ರಿ ಆ ಮನೆಯಲ್ಲಿ ಅವರಿಗೆ ಊಟ ಬಡಿಸಿದವರೂ ಮಾತಾಡಿಸಲಿಲ್ಲ. ಉನಾಯ್ಸಿ ಗೋಡೆಗೆ ಮುಖ ಮಾಡಿ ಅತ್ತಳು. ತರಾಯ್ವಿನಿಗೂ ಅಳು ಬಂದಿತ್ತು. "ನಮ್ಮೋರ ಕಡಲು ನಾನೇ ಕಿತ್ತುಕೊಟ್ಟ ಹಾಗಾಯ್ತಲ್ಲ ಅನ್ನಿಸ್ತು" ಎನ್ನುತ್ತಾರೆ.

ಆದರೆ ಪ್ರಶ್ನೆ ಇನ್ನೂ ಒಂದು ಉಳಿದಿತ್ತು. ಹೇಳಿದವನು ಯಾರೆಂದು ಗೊತ್ತಾಗದಿದ್ದರೆ, ಹೇಳಿದ್ದನ್ನಾದರೂ ಹೋಗಿ ನೋಡಬಹುದಲ್ಲ! ಅತಿ ಇಳಿತ ಯಾವಾಗ ಎಂದು ಕೇಳಿದರು. ಹುಣ್ಣಿಮೆ ಹತ್ತಿರವಿತ್ತು. ಕಾದರು.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಕೆಳಗಿನ ಊರಿಗೆ ಇಳಿದರು. ಮುಖ ತಿರುಗಿಸಿದ್ದ ಹಿರಿಯರೂ ಹಿಂದೆ ಹಿಂದೆ ಬಂದರು. ಮಾಡಿಲ್ಲದ ಮನೆಗಳ ಬಾಗಿಲ ಚೌಕಟ್ಟುಗಳು ನಿಂತೇ ಇದ್ದವು. ಒಂದು ಅಂಗಳದಲ್ಲಿ ಯಾರೋ ಈಗ ತಾನೆ ಗುಡಿಸಿದಂತೆ ಮರಳಿನ ಮೇಲೆ ಪೊರಕೆಯ ಗೆರೆಗಳಿದ್ದವು. ಅಲೆಯೂ ಹಾಗೆ ಮಾಡುತ್ತದೆ ಎಂದಳು ಲೊಸಾಲಿನಿ. ಅಪೆನಿಸಾನ ಗೋರಿಯ ಬಳಿ ನಿಂತು, "ನೆಂಟರು ಬಂದಿದ್ದಾರೆ, ಎದ್ದೇಳಬೇಡ" ಎಂದು ಹೇಳಿ ಮುಂದೆ ನಡೆದಳು. ಪ್ರಾರ್ಥನಾ ಮಂದಿರದ ಆಚೆ ತರಾಯ್ವಿನಿ ಅತ್ತೆಯ ಗೋರಿ. ಅದರ ಮೇಲೆ ತಮ್ಮದೇ ಹೆಸರು ಓದಿ ಅವರು ಬೇಗ ಕಣ್ಣು ತೆಗೆದರು.

ಯಜಮಾನನ ಗೋರಿಯ ತಲೆಯ ಕಡೆ ನಿಂತರು. ನೀರು ಹಿಂದೆ ಹಿಂದೆ ಸರಿಯಿತು. ಯಾರೂ ಎಂದೂ ಕಾಣದಷ್ಟು ದಿಬ್ಬ ಮೇಲೆದ್ದಿತು, ಹಸಿರು ಪಾಚಿ ಬೆಳೆದ ಬೆನ್ನಿನೊಂದಿಗೆ. ದಿಬ್ಬದ ಬಾಯಿಯಲ್ಲಿ, ಮನೆ ಮನೆ ತಿಂದ ಸಮುದ್ರವೇ ಮರಳು ಕೊಚ್ಚಿಕೊಂಡು ಹೋಗಿ ತೆರೆದಿಟ್ಟಂತೆ, ಆಳೆತ್ತರದ ಕರಿಕಲ್ಲೊಂದು ನಿಂತಿತ್ತು.

ಹಿರಿಯರು ಕೂತುಬಿಟ್ಟರು. ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದರು, ದೊಡ್ಡವರು ಬಂದಾಗ ತಟ್ಟುವಂತೆ. ಉಳಿದವರೂ ತಟ್ಟಿದರು. ನೀರಿನ ಸದ್ದೂ ಇಲ್ಲದ ಆ ಹೊತ್ತಿನಲ್ಲಿ ತಟ್ಟಿದ ಕೈಗಳಿಗಿಂತ ಸದ್ದು ಹೆಚ್ಚಿತ್ತು ಎಂದು ಉನಾಯ್ಸಿ ಇವತ್ತಿಗೂ ಹೇಳುತ್ತಾಳೆ. ಪ್ರತಿಧ್ವನಿ ಇದ್ದೀತು ಎನ್ನುತ್ತಾರೆ ತರಾಯ್ವಿನಿ. ಆದರೆ ಅಲ್ಲಿ ಪ್ರತಿಧ್ವನಿ ಕೊಡಲು ಗೋಡೆ ಯಾವುದಿತ್ತು ಎಂದು ಕೇಳಿದರೆ ಪರದೆಯ ಕಡೆ ತಿರುಗಿ ಮುಂದಿನ ಪುಟ ತೆರೆಯುತ್ತಾರೆ.

ವಿಚಾರಣೆಯ ದಿನ ತರಾಯ್ವಿನಿ ತಾವೇ ಹೋಗಿ ಎದ್ದು ನಿಂತು ಮೊದಲು ತಮ್ಮ ತಪ್ಪು ಹೇಳಿದರು. ಹಳೆಯ ಟಿಪ್ಪಣಿ ಹೆದರಿಕೆಯಲ್ಲಿ ಬರೆದದ್ದು, ಕೇಳಬೇಕಾದ್ದನ್ನು ಕೇಳಲಿಲ್ಲ ಎಂದರು. ಆಮೇಲೆ ಯಾವ ಸಾಲು ಯಾರದು ಎಂದು ತೋರಿಸಿದರು. ಎದುರು ವಕೀಲರು ಕರಿಕಲ್ಲಿನ ಸಾಲಿಗೇ ಕೈ ಹಾಕಿದರು.

"ಇದನ್ನ ಬರೆದವರು ಯಾರು?"

"ಗೊತ್ತಿಲ್ಲ."

"ಗೊತ್ತಿಲ್ಲದವರ ಮಾತು ನಂಬಬೇಕಾ?"

"ಬೇಡ ಸ್ವಾಮಿ. ಹೋಗಿ ನೋಡಿ."

ಅಧಿಕಾರಿ ಹೋಗಿ ನೋಡಿದರು. ಪಕ್ಕದ ಊರಿನ ಹಿರಿಯರೂ ಜೊತೆಗಿದ್ದರು. ‘ಅದರ ಆಚೆಯದು ನಮ್ಮದಲ್ಲ’ ಎಂಬ ಮಾತು ಅವರ ಮುಖ ಸಡಿಲ ಮಾಡಿತಂತೆ. ತನ್ನದಲ್ಲದ್ದನ್ನು ತನ್ನದಲ್ಲ ಎನ್ನುವ ಕಲ್ಲಿನ ಮುಂದೆ ಜಗಳ ಏನಿದೆ ಎಂದು ಅವರೇ ಮೊದಲು ಕೈ ಚಾಚಿದರು. ದಿಬ್ಬ ನುಕುಬಾಲೆಯವರದೇ ಎಂದು ತೀರ್ಪಾಯಿತು.

ಈಗ ಪ್ರತಿ ಮುಂಜಾನೆ ತರಾಯ್ವಿನಿ ಮೊದಲು ತೆರೆಯುವುದು ನುಕುಬಾಲೆಯ ಪುಟವನ್ನು. ದಾರಿತೋರುವ ಪುಟದಲ್ಲಿ ಅದರ ಮುಂದಿನ ಸಾಲು ಬದಲಾಗಿದೆ: "ಪ್ರತಿ ಸಾಲಿನ ಕೆಳಗೂ ಕಂಡವರ ಹೆಸರಿದೆ. ಹೆಸರಿಲ್ಲದ್ದನ್ನು ಹೋಗಿ ನೋಡಿ." ಚಿಕ್ಕ ಲೊಸಾಲಿನಿ ಈಗ ತಪ್ಪದೆ ತನ್ನ ಹೆಸರಿನ ಹಿಂದೆ ‘ಚಿಕ್ಕ’ ಸೇರಿಸುತ್ತಾಳೆ. ಇಮೇಲಿನಲ್ಲಿ ಮಾತ್ರ ಓರಗಿತ್ತಿ ಎನ್ನುವುದು ಬಿಟ್ಟಿಲ್ಲ.

ತೀರ್ಪಿನ ಮಾರನೆಯ ಮುಂಜಾನೆ ಪುಟದಲ್ಲಿ ಹೊಸ ಸಾಲೊಂದಿತ್ತು. ಅದರ ಕೆಳಗೆ ಚಿಕ್ಕದೂ ಇರಲಿಲ್ಲ, ದೊಡ್ಡದೂ ಇರಲಿಲ್ಲ, ಯಾವ ಹೆಸರೂ ಇರಲಿಲ್ಲ. "ತರಾಯ್ವಿನಿ ಬಂದಿದ್ದಳು. ಕಲ್ಲು ನೋಡಿದಳು. ಈಗ ಎಲ್ಲರೂ ನಿದ್ದೆ ಮಾಡುತ್ತಿದ್ದಾರೆ."

ಅವರ ಹೆಗಲ ಮೇಲಿಂದ ಬಗ್ಗಿ ಓದಿದ ಇಸಿಕೇಲಿಗೆ ಆ ದಿನ ಮರಗೆಣಸು ಕದಿಯುವುದೂ ಮರೆತುಹೋಯಿತು.

"ಆ ಹುಡುಗೀಗೆ ಬರೆದು ಕೇಳಿಬಿಡು ಮಾರಾಯ್ತಿ, ಬರೆದಿದ್ದು ನೀನೇನಾ ಅಂತ."

"ಕೇಳೋದೇ ನನ್ನ ಕೆಲಸ ಕಣೋ" ಎಂದರು ತರಾಯ್ವಿನಿ, ನೀರು ಸುರಿಯುವ ಎಡಗಣ್ಣು ಒರೆಸಿಕೊಳ್ಳುತ್ತ. "ಇದೊಂದನ್ನ ಕೇಳಲ್ಲ. ನಾನು ಹೋಗಿದ್ದು ನಿಜ, ಕಲ್ಲು ನೋಡಿದ್ದೂ ನಿಜ. ಕೊನೇ ಮಾತು ಸುಳ್ಳು ಅನ್ನೋಕೆ ನನ್ನ ಹತ್ರ ಏನೂ ಆಧಾರ ಇಲ್ಲ. ಮಲಗಿರೋರನ್ನ ಎಬ್ಬಿಸೋದು ಬೇಡ."